ಕಂಕುಳಿನ ಚುಕ್ಕೆ

ಆಗಸ್ಟ್ ೪

ಪ್ರೀತಿಯ ಗುರುಗಳಿಗೆ,

ನೀವು ನಿವೃತ್ತರಾಗಿ ಆರು ವರ್ಷವಾಯಿತು. ಆದರೂ ಕಷ್ಟದ ಫಿಲ್ಮೊಂದು ಬೆಳಕಿನ ಪೆಟ್ಟಿಗೆಗೆ ಏರಿದ ಕೂಡಲೇ ನನ್ನ ತಲೆ ತಾನಾಗಿ ಎಡಕ್ಕೆ ತಿರುಗುತ್ತದೆ, ನೀವು ಕೂರುತ್ತಿದ್ದ ಕಡೆಗೆ. ಈ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಎಡಕ್ಕೆ ಕೈ ತೊಳೆಯುವ ಬೇಸಿನ್ನಿದೆ. ಅದನ್ನು ಕೇಳಿ ಪ್ರಯೋಜನವಿಲ್ಲವೆಂದು ನಿಮಗೆ ಬರೆಯುತ್ತಿದ್ದೇನೆ.

ಹದಿನೇಳು ತಿಂಗಳ ಹೆಣ್ಣುಮಗು. ಮನೆ ತುಂಬ ಓಡುತ್ತಿದ್ದವಳು ಒಂದು ತಿಂಗಳಿಂದ ಬಲಗಾಲನ್ನು ಎಳೆದು ನಡೆಯುತ್ತಿದ್ದಾಳೆ. ಜ್ವರವಿಲ್ಲ, ಹಸಿವು ಕೆಟ್ಟಿಲ್ಲ, ಮಂಡಿಯ ಮೇಲ್ಗಡೆ ಸಣ್ಣ ಊತ ಅಷ್ಟೆ. ಎಕ್ಸ್‌ರೇಯಲ್ಲಿ ನೋಡಿದರೆ ತೊಡೆಮೂಳೆಯ ಕೆಳತುದಿಯಲ್ಲಿ ಹುಳು ಕೊರೆದ ಹಣ್ಣಿನಂತೆ ಒಂದು ತೂತು. ಮೂಳೆ ಬೆಳೆದು ಉದ್ದವಾಗುವ ಆ ಎಳೆಯ ಪಟ್ಟಿ ಇದೆಯಲ್ಲ, ಅದನ್ನೂ ದಾಟಿ ಆಚೆಗೆ ಹೋಗಿದೆ. ಎಂಆರ್‌ಐ ಕೂಡ ಮಾಡಿಸಿದೆವು. ಇಷ್ಟು ದೊಡ್ಡ ತೂತಿಗೆ ಸುತ್ತಲಿನ ಮಾಂಸ ಇನ್ನಷ್ಟು ಕೆರಳಬೇಕಿತ್ತು ಎಂದು ನನಗೆ ಅನ್ನಿಸುತ್ತಿದೆ.

ನಮ್ಮ ಮೂಳೆ ಡಾಕ್ಟರಿಗೆ ಹಾಗೇನೂ ಅನ್ನಿಸಿಲ್ಲ. "ಗಡ್ಡೆ ಕಣಮ್ಮಾ, ಕೆಟ್ಟ ಗಡ್ಡೆ. ಅಷ್ಟು ಬರಿ ಸಾಕು, ಕಥೆ ಬರೀಬೇಡ" ಎಂದರು. ಮುಂದಿನ ಗುರುವಾರ ಮೂಳೆಯ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಗುವಿನ ತಾಯಿ ಮಗಳ ಕಾಲುಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಎದೆಯ ಫಿಲ್ಮು ಸ್ವಚ್ಛವಾಗಿದೆ. ಎಡ ಕಂಕುಳಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯೊಂದಿದೆ. ನೀವು ತರಗತಿಯಲ್ಲಿ ಹೇಳಿಕೊಟ್ಟಂತೆ ಅದನ್ನು ಫಿಲ್ಮಿನ ಕೊಳೆಯೆಂದು ಬಿಟ್ಟಿದ್ದೇನೆ, ರಿಪೋರ್ಟಿನಲ್ಲಿ ಸೇರಿಸಿಲ್ಲ. ಎಲ್ಲದರ ನಕಲು ಇದರೊಂದಿಗಿದೆ. ಗಡ್ಡೆಯೆಂದು ಬರೆದು ಸಹಿ ಹಾಕುವ ಮೊದಲು ನಿಮ್ಮ ಒಂದು ಮಾತು ಬೇಕು.

ಇಂಥ ಮಂಡಿಗಳನ್ನು ನೋಡುವಾಗ ನನ್ನ ಮಂಡಿಯೂ ಚುರುಗುಟ್ಟುತ್ತದೆ. ಹಾಲುಹಲ್ಲಿನ ವಯಸ್ಸಿನಲ್ಲೇ ಮೂಳೆಯ ಕ್ಷಯ ಗೆದ್ದು, ವರ್ಷಕ್ಕೊಮ್ಮೆ ನಿಮ್ಮ ಬಳಿಗೆ ಫಿಲ್ಮು ತೆಗೆಸಲು ಬರುತ್ತಿದ್ದವಳಲ್ಲವೇ ನಾನು! ಡಾರ್ಕ್ ರೂಮಿನ ಅಣ್ಣ "ಬಂತು ನೋಡ್ರಪ್ಪಾ ನಮ್ಮ ವಾರ್ಷಿಕೋತ್ಸವ" ಎಂದು ಕೂಗುತ್ತಿದ್ದ ದನಿ ಈಗಲೂ ಕಿವಿಯಲ್ಲಿದೆ.

ನಿಮ್ಮ ಬಲಗಡೆಯ ಕುರ್ಚಿಯ,
ವಾರ್ಷಿಕೋತ್ಸವ


ಆಗಸ್ಟ್ ೭

ಮಗು ವಾರ್ಷಿಕೋತ್ಸವ,

ನಿನ್ನ ಲಕೋಟೆ ಬೆಳಿಗ್ಗೆ ತಲುಪಿತು. ಫಿಲ್ಮುಗಳನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದೆ. ನೋಡಿದವನು ಒಲೆಯ ಮೇಲಿನ ಹಾಲನ್ನು ಮರೆತು ನೇರ ಫೋನಿನ ಹತ್ತಿರ ಹೋದೆ. ನಿಮ್ಮ ಆಸ್ಪತ್ರೆಯಲ್ಲಿ ಫೋನೆತ್ತಿದ ಪುಣ್ಯಾತ್ಮ "ಮೇಡಂ ಸ್ಕ್ಯಾನಿಂಗಲ್ಲಿದ್ದಾರೆ, ತಾವ್ಯಾರು?" ಎಂದ. "ಅವರ ಮೇಷ್ಟ್ರು" ಎಂದೆ. "ಮೇಡಂ ಸ್ಕೂಲು ಬಿಟ್ಟು ಭಾಳ ವರ್ಷ ಆಯ್ತಲ್ಲ ಸಾರ್" ಎಂದ. ಅಂತೂ ಎರಡು ಮಾತನ್ನು ಬರೆದುಕೊಂಡು ನಿನ್ನ ಮೇಜಿನ ಮೇಲಿಡಲು ಒಪ್ಪಿದ. ಅವನು ಮರೆತಿದ್ದರೆ ಎಂಬ ಭಯಕ್ಕೆ ಇಲ್ಲಿಯೂ ಬರೆಯುತ್ತೇನೆ: ಚುಕ್ಕೆ ಕೊಳೆಯಲ್ಲ. ಬಯಾಪ್ಸಿಗೆ ಎರಡು ಬಾಟಲಿ.

ಆ ಚುಕ್ಕೆ ಸುಣ್ಣಗಟ್ಟಿದ ಗ್ರಂಥಿ. ಹುಟ್ಟಿದಾಗ ಎಡತೋಳಿಗೆ ಹಾಕುವ ಕ್ಷಯದ ಲಸಿಕೆಯಲ್ಲಿ ಜೀವವಿರುವ, ಆದರೆ ಸತ್ವ ತೆಗೆದ ರೋಗಾಣು ಇರುತ್ತದೆಂಬುದು ನಿನಗೆ ಗೊತ್ತು. ಬಹಳ ಅಪರೂಪಕ್ಕೆ, ಯಾವುದೋ ಒಂದು ಮಗುವಿನಲ್ಲಿ, ಅದು ಅದೇ ಬದಿಯ ಕಂಕುಳಿನ ಗ್ರಂಥಿಯಲ್ಲಿ ತಂಗಿ, ಅಲ್ಲಿಂದ ರಕ್ತದೊಳಗೆ ಹೊರಟು, ತಿಂಗಳುಗಳಾದ ಮೇಲೆ ಒಂದು ಮೂಳೆಯಲ್ಲಿ ಮನೆಮಾಡುತ್ತದೆ. ಮಂಡಿಯ ಅಕ್ಕಪಕ್ಕವೆಂದರೆ ಅದಕ್ಕೆ ಇಷ್ಟ. ಆ ಎಳೆಯ ಪಟ್ಟಿಯನ್ನು ದಾಟುವುದು, ಸುತ್ತಲನ್ನು ಹೆಚ್ಚು ಕೆರಳಿಸದಿರುವುದು, ಮಗು ಮಾತ್ರ ನಗುನಗುತ್ತಲೇ ಇರುವುದು, ಎಲ್ಲವೂ ಅದರದೇ ರೀತಿ. ಗಡ್ಡೆಯಂತೆ ಕಾಣುತ್ತದೆ. ಗಡ್ಡೆಯಲ್ಲ.

ನೀನು ಗಡ್ಡೆ ಎಂದಷ್ಟೇ ಬರೆದರೆ ತೆಗೆದ ಚೂರೆಲ್ಲ ಫಾರ್ಮಲಿನ್ನಿಗೆ ಬೀಳುತ್ತದೆ. ಫಾರ್ಮಲಿನ್ ಮಾಂಸವನ್ನು ಕಾಪಾಡುತ್ತದೆ, ರೋಗಾಣುವನ್ನು ಕೊಲ್ಲುತ್ತದೆ. ಸತ್ತದ್ದನ್ನು ಬೆಳೆಸಿ ಹೆಸರು ಕೇಳಲಾಗದು. ಆದ್ದರಿಂದ ಒಂದು ಚೂರು ಬರಿಯ ಉಪ್ಪುನೀರಿನ ಸಲೈನಿನಲ್ಲಿ, ರೋಗಾಣು ಬೆಳೆಸುವ ಕಲ್ಚರಿಗೆ ಹೋಗಲೇಬೇಕು. ಹೆಸರು ಗೊತ್ತಾಗುವುದು ಮುಖ್ಯ, ಏಕೆಂದರೆ ಕ್ಷಯಕ್ಕೆ ಕೊಡುವ ಔಷಧಗಳಲ್ಲಿ ಒಂದು ಈ ರೋಗಾಣುವಿಗೆ ತಾಗುವುದಿಲ್ಲ. ಮಗುವಿನ ರೋಗನಿರೋಧಕ ಶಕ್ತಿಯನ್ನೂ ಪರೀಕ್ಷಿಸಲು ಹೇಳು. ಸರಿಯಾಗಿ ನಡೆಸಿದರೆ ಈ ಮಗು ಓಡುತ್ತದೆ.

ಇಂದು ಕಿಟಕಿಗೆ ಫಿಲ್ಮು ಹಿಡಿದಾಗ ನಮ್ಮ ಹಳೆಯ ವಿಭಾಗ ಪೂರ್ತಿಯಾಗಿ ಕಣ್ಣೆದುರು ಬಂತು. ತಂತಿಯ ಮೇಲೆ ಸಾಲಾಗಿ ತೊಟ್ಟಿಕ್ಕುತ್ತಿದ್ದ ಒದ್ದೆ ಫಿಲ್ಮುಗಳು, ಡಾರ್ಕ್ ರೂಮಿನ ಕೆಂಪು ದೀಪ, ಬೆರಳುಗಳಿಂದ ಎಂದಿಗೂ ಹೋಗದಿದ್ದ ಆ ಹುಳಿ ವಾಸನೆ. ನೀನು ಆರು ವರ್ಷದವಳಿದ್ದಾಗ ನಿನ್ನದೇ ಮಂಡಿಯ ಫಿಲ್ಮನ್ನು ತಲೆಕೆಳಗಾಗಿ ಹಿಡಿದು "ಇದು ದೀಪದ ಕಂಬ" ಎಂದಿದ್ದೆ. ಅಂದೇ ನಿನ್ನನ್ನು ವಿದ್ಯಾರ್ಥಿನಿಯೆಂದು ಲೆಕ್ಕ ಹಾಕಿಕೊಂಡಿದ್ದೆ.

ತರಗತಿಯಲ್ಲಿ ನಾನು ಕೊಳೆ ಎಂದದ್ದು ತಪ್ಪು. ಅದರ ಬಗ್ಗೆ ಇನ್ನೊಮ್ಮೆ.

ಶುಭವನ್ನೇ ಬಯಸುವ,
ನಿನ್ನ ಮೇಷ್ಟ್ರು


ಆಗಸ್ಟ್ ೨೦

ಪ್ರೀತಿಯ ಗುರುಗಳಿಗೆ,

ನಿಮ್ಮ ಪುಣ್ಯಾತ್ಮ ಮರೆತಿರಲಿಲ್ಲ. ಆದರೆ ಚೀಟಿಯಲ್ಲಿ "ಚುಕ್ಕೆ ಕೊಳೆಯಲ್ಲ, ಎರಡು ಬಾಟಲಿ, ಮೇಷ್ಟ್ರು" ಎಂದಿಷ್ಟೇ ಬರೆದು, ಮೇಡಮ್ಮಿನ ಮೇಷ್ಟ್ರಿಗೆ ತಲೆ ಸರಿಯಿಲ್ಲವೆಂದು ಇಡೀ ವಾರ್ಡಿಗೆ ಸಾರಿಬಿಟ್ಟಿದ್ದ.

ಗುರುವಾರ ಸಲೈನಿನ ಬಾಟಲಿ ಹಿಡಿದು ನಾನೇ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತೆ.

"ಏನಮ್ಮಾ, ಉಪ್ಪಿನಕಾಯಿ ಹಾಕೋಕೆ ಬಂದ್ಯಾ?" ಎಂದರು ಮೂಳೆ ಡಾಕ್ಟರು.

"ಒಂದೇ ಒಂದು ಚೂರು ಕೊಡಿ ಸರ್, ಉಳಿದದ್ದೆಲ್ಲ ನಿಮ್ಮದೇ."

"ಗಡ್ಡೆ ಅಂತ ಬಂದ್ರೆ ಒಂದು ವಾರ ನನಗೆ ಚಹಾ ಕುಡಿಸಬೇಕು."

"ಅಲ್ಲ ಅಂತ ಬಂದ್ರೆ?"

"ನಿನ್ನ ಮೇಷ್ಟ್ರಿಗೆ ನಾನೇ ಕೈಮುಗೀತೀನಿ, ಸಾಕಾ?"

ಈಗ ಕೈಮುಗಿಯಬೇಕಾಗಿದೆ. ಸೂಕ್ಷ್ಮದರ್ಶಕದಲ್ಲಿ ಗಡ್ಡೆ ಇಲ್ಲ, ಕ್ಷಯದಂಥ ಸೋಂಕು ಎಂದು ಬಂದಿದೆ. ಮಗುವಿನ ನಿರೋಧಕ ಶಕ್ತಿಯ ಪರೀಕ್ಷೆಯಲ್ಲಿ ಏನೂ ಕೊರತೆಯಿಲ್ಲ. ನೀವು ಹೇಳಿದ ಒಂದು ಔಷಧವನ್ನು ಬಿಟ್ಟು ಉಳಿದವನ್ನು ಶುರುಮಾಡಿದ್ದೇವೆ. ಕಲ್ಚರ್ ಬರಲು ಎರಡು ತಿಂಗಳು ಹಿಡಿಯಬಹುದು.

ಕಾಲು ಉಳಿಯಿತು ಎಂದು ಹೇಳಿದಾಗ ಆ ತಾಯಿ ಮೊದಲ ಬಾರಿ ಅತ್ತರು. ಆದರೆ ತಂದೆ ಕೇಳಿದ್ದು, "ಕ್ಷಯ ಅಂದ್ರೆ ಯಾರೋ ಒಬ್ಬರು ಕೊಟ್ಟಿರ್ಬೇಕಲ್ಲ ಡಾಕ್ಟ್ರೇ, ಯಾರು?" ಅವರ ಮನೆಯಲ್ಲಿ ಮಗುವಿನ ತಾತ ಇದ್ದಾರೆ. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಬೀಡಿಯಿಂದ ಬಂದ ಹಳೆಯ ಕೆಮ್ಮು. ಅವರ ಕಫದಲ್ಲಿ ಏನೂ ಸಿಕ್ಕಿಲ್ಲ. ಆದರೂ ಮಗ ಅವರ ಹಾಸಿಗೆಯನ್ನು ಹಿಂದಿನ ಸಾಮಾನು ಕೋಣೆಗೆ ಹಾಕಿದ್ದಾನೆ, ತಟ್ಟೆ ಲೋಟ ಬೇರೆ ಮಾಡಿದ್ದಾನೆ. ಮಗು ಬಾಗಿಲು ಬಡಿದು "ತಾತಾ ತಾತಾ" ಎಂದು ಅಳುತ್ತದೆಯಂತೆ.

ನನ್ನ ರಿಪೋರ್ಟಿನಲ್ಲಿ "ಇದು ಲಸಿಕೆಯ ರೋಗಾಣುವಿನಿಂದ ಆದ ಸೋಂಕಿರಬಹುದು" ಎಂಬ ಸಾಲಿದೆ. ಅದು ಮನೆಯವರ ಕೈ ಸೇರಿದರೆ ಆ ಮುದುಕರು ಹೊರಬರುತ್ತಾರೆ. ಆದರೆ ನಮ್ಮ ಲಸಿಕೆ ವಿಭಾಗದ ಹಿರಿಯ ಮೇಡಂ ನನ್ನನ್ನು ಕರೆಸಿಕೊಂಡು, "ಆ ಸಾಲು ತೆಗಿ" ಎಂದರು. "ಇಪ್ಪತ್ತು ವರ್ಷ ಮನೆ ಮನೆ ಸುತ್ತಿ, ಬೈಸಿಕೊಂಡು, ಒಂದೊಂದು ತಾಯಿನೂ ಒಪ್ಸಿದೀನಿ. ನಿನ್ನ ಒಂದು ಸಾಲು ಹೊರಗೆ ಹೋದ್ರೆ ನಾಳೆ ನೂರು ಬಾಗಿಲು ಮುಚ್ಚುತ್ತೆ. ಆ ನೂರರಲ್ಲಿ ಒಂದು ಮಗು ಮಿದುಳಿನ ಕ್ಷಯ ಬಂದು ಹೋದ್ರೆ ನೀನು ಉತ್ರ ಕೊಡ್ತೀಯಾ?" ಅವರು ಕೆಟ್ಟವರಲ್ಲ. ಅವರ ಚಪ್ಪಲಿ ನೋಡಿದರೆ ಸಾಕು, ಎಷ್ಟು ನಡೆದಿದ್ದಾರೆಂದು ಗೊತ್ತಾಗುತ್ತದೆ. ನಾನೇನು ಮಾಡಲಿ?

ಇನ್ನೊಂದು ಮಾತು. ನೀವು ಪ್ರತಿ ವರ್ಷ ತರಗತಿಗೆ ತರುತ್ತಿದ್ದ ಜೋಡಿ ಫಿಲ್ಮು ನೆನಪಿದೆಯೇ? ಹೆಸರಿರುವ ಮೂಲೆಯನ್ನು ಕತ್ತರಿಸಿದ್ದು, ಒಂದು ಮಂಡಿ, ಒಂದು ಎದೆ. "ಕಂಕುಳಲ್ಲಿ ಏನೋ ಇದೆ ಸರ್" ಎಂದು ನಾನು ಹೇಳಿದೆ. ನೀವು ಕರವಸ್ತ್ರದಿಂದ ಒರೆಸಿ, "ಕೊಳೆ" ಎಂದು ಫಿಲ್ಮು ಇಳಿಸಿದಿರಿ. ಕೊಳೆಯಾಗಿದ್ದರೆ ಒರೆಸಿದಾಗ ಹೋಗಬೇಕಿತ್ತಲ್ಲ? ಅದೂ ಇಂಥದೇ ಮಗುವಲ್ಲವೇ? ಅದು ಚೆನ್ನಾಗಿ ಬೆಳೆದಿದ್ದರೆ ದಯವಿಟ್ಟು ತಿಳಿಸಿ. ಆ ತಾಯಿಗೂ ನಮ್ಮ ಮೇಡಮ್ಮಿಗೂ ತೋರಿಸಲು ನನಗೊಂದು ಒಳ್ಳೆಯ ಕೊನೆ ಬೇಕಾಗಿದೆ.

ಉತ್ತರಕ್ಕೆ ಕಾದಿರುವ,
ನಿಮ್ಮ ವಾರ್ಷಿಕೋತ್ಸವ


ಆಗಸ್ಟ್ ೨೭

ಮಗು,

ಆ ಮಗು ಚೆನ್ನಾಗಿದೆ. ಈಗ ವಯಸ್ಸು ಮೂವತ್ತೊಂದು. ಬಲಗಾಲು ಎಡಗಾಲಿಗಿಂತ ಅರ್ಧ ಬೆರಳಿನಷ್ಟು ಗಿಡ್ಡ, ಮೆಟ್ಟಿಲು ಇಳಿಯುವಾಗ ಮಾತ್ರ ಗೊತ್ತಾಗುತ್ತದೆ. ಮಕ್ಕಳ ಫಿಲ್ಮು ಓದುವುದರಲ್ಲಿ ತನ್ನ ಮೇಷ್ಟ್ರನ್ನು ಮೀರಿಸಿದ್ದಾಳೆ. ಅವು ನಿನ್ನ ಫಿಲ್ಮುಗಳು.

ಈ ಸಾಲುಗಳನ್ನು ಬರೆಯಲು ನಾಲ್ಕು ದಿನ ಬೇಕಾದವು, ಅಥವಾ ಮೂವತ್ತು ವರ್ಷ. ಉಳಿದದ್ದನ್ನು ನಿಲ್ಲದೆ ಬರೆಯುತ್ತೇನೆ.

ನಿನ್ನನ್ನು ನಮ್ಮಲ್ಲಿಗೆ ತಂದಾಗ ನಿನಗೆ ಒಂದೂಕಾಲು ವರ್ಷ, ನನಗೆ ಮೂವತ್ತೈದು. ಹೊರದೇಶದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಸೋಂಕಿನ ಬಗ್ಗೆ ಆಗಷ್ಟೇ ಓದಿದ್ದೆ. ನಿನ್ನ ಮಂಡಿ ಕಂಡೆ, ಕಂಕುಳಿನ ಚುಕ್ಕೆ ಕಂಡೆ, ಕಂಡದ್ದನ್ನು ರಿಪೋರ್ಟಿನಲ್ಲಿ ಒಂದು ಸಾಲಾಗಿ ಬರೆದೆ. ಲಸಿಕೆಯ ಕೆಲಸವನ್ನು ಹೊತ್ತಿದ್ದ ನನ್ನ ಗೆಳೆಯ ಅದನ್ನು ಓದಿದ. ಅವನು ಆಡಿದ ಮಾತು ಹೆಚ್ಚುಕಡಿಮೆ ನಿಮ್ಮ ಮೇಡಂ ಆಡಿದ್ದೇ. ಲಸಿಕೆ ಬರುವ ಮುಂಚಿನ ಮಕ್ಕಳ ವಾರ್ಡು ನನಗೆ ಗೊತ್ತಿತ್ತು. ಮಿದುಳಿಗೆ ಕ್ಷಯ ಹತ್ತಿ, ಕರೆದರೆ ತಿರುಗದೆ, ಸೂರನ್ನೇ ನೋಡುತ್ತ ಮಲಗಿದ್ದ ಕೂಸುಗಳ ಸಾಲು. ಆ ಹಾಸಿಗೆಗಳು ಖಾಲಿಯಾಗುತ್ತಿದ್ದ ಕಾಲ ಅದು. ನಾನು ಪೆನ್ನು ತೆಗೆದು ನನ್ನ ಸಾಲನ್ನು ಹೊಡೆದುಹಾಕಿದೆ. ನಿನ್ನ ಚೂರೆಲ್ಲ ಫಾರ್ಮಲಿನ್ನಿಗೆ ಹೋಯಿತು. "ಕ್ಷಯ" ಎಂದು ಬಂತು, ಔಷಧ ಹಿಡಿಯಿತು, ನೀನು ನಡೆದೆ. ಯಾರಿಗೂ ನಷ್ಟವಾಗಲಿಲ್ಲವೆಂದುಕೊಂಡೆ.

ನಷ್ಟವಾದದ್ದು ನಿನ್ನ ಸೋದರತ್ತೆಗೆ.

ನಿಮ್ಮ ಮನೆಯಲ್ಲೇ ಇದ್ದ ಆಕೆ ಹಾಸಿಗೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದರು. ಹತ್ತಿಯ ಧೂಳಿನಿಂದ ಕೆಮ್ಮು. ಎಲ್ಲರೂ ಅವರತ್ತ ನೋಡಿದರು. ಅವರೇ ನಮ್ಮ ವಿಭಾಗಕ್ಕೆ ಬಂದು ಎದೆಯ ಫಿಲ್ಮು ತೆಗೆಸಿಕೊಂಡರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೇ ಕೇಳಿದರು: "ಡಾಕ್ಟ್ರೇ, ಮಗೂಗೆ ನನ್ನಿಂದಾನೇ ಬಂತಾ?" ನಾನು ಫಿಲ್ಮು ನೋಡಿ, "ನಿಮ್ಮ ಎದೆ ಸ್ವಚ್ಛವಾಗಿದೆ" ಎಂದೆ. ಅದು ನಿಜ. ಆದರೆ ಅವರು ಕೇಳಿದ್ದು ಅದಲ್ಲ.

ಮುಂದಿನ ವರ್ಷ ನಿನ್ನನ್ನು ಕರೆತಂದ ನಿನ್ನಮ್ಮ, "ನಾದಿನಿ ಬೇರೆ ಊರಿಗೆ ಹೋದ್ರು, ಮಗು ಈಗ ಸುರಕ್ಷಿತ" ಎಂದರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ನೀನು ಬೆಳಕಿನ ಪೆಟ್ಟಿಗೆಯ ಸ್ವಿಚ್ಚನ್ನು ಹಾಕಿ ತೆಗೆದು ಮಾಡುತ್ತಿದ್ದೆ. ನಾನು ನಿನ್ನ ಜೊತೆ ಆಟವಾಡಿದೆ.

ಆ ಮೇಲೆ ನೀನು ವರ್ಷ ವರ್ಷವೂ ಬಂದೆ, ಕೊನೆಗೆ ವಿದ್ಯಾರ್ಥಿನಿಯಾಗಿಯೇ ಬಂದೆ. ತರಗತಿಗೆ ನಿನ್ನ ಫಿಲ್ಮನ್ನು ಏಕೆ ತರುತ್ತಿದ್ದೆ ಎಂದರೆ, ಯಾರಾದರೂ ಒಬ್ಬ ವಿದ್ಯಾರ್ಥಿ ಆ ಚುಕ್ಕೆಯನ್ನು ಹಿಡಿಯಲಿ, ಆಗ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಅಷ್ಟು ವರ್ಷಗಳಲ್ಲಿ ಹಿಡಿದವಳು ನೀನೊಬ್ಬಳೇ. ನೀನಾದ್ದರಿಂದಲೇ ನನಗೆ ಹೇಳಲಾಗಲಿಲ್ಲ. ಕೊಳೆ ಎಂದೆ. ನಿನ್ನ ಕಣ್ಣಿಗೆ ನಾನು ಸುಳ್ಳು ಕಲಿಸಿದೆ. ಆ ಸುಳ್ಳು ಇಷ್ಟು ವರ್ಷ ಕಾದಿದ್ದು ಇನ್ನೊಂದು ಮಗುವಿನ ಕಾಲಿಗೆ ಬಂತು. ಬೇಸಿನ್ನನ್ನು ನಂಬದೆ ನೀನು ಕಾಗದ ಬರೆದದ್ದರಿಂದ ತಪ್ಪಿತು.

ಆ ಸಾಲನ್ನು ತೆಗೆಯಬೇಡ. ಲಸಿಕೆಯನ್ನು ಕಾಪಾಡಬೇಕಾದದ್ದು ನಿಜ, ಆದರೆ ಮೌನದಿಂದ ಕಾಪಾಡಿದರೆ ಅದರ ಬೆಲೆಯನ್ನು ಸಾಮಾನು ಕೋಣೆಯಲ್ಲಿರುವ ಮುದುಕರು ತೆರುತ್ತಾರೆ. ಆ ತಾಯಿಯನ್ನು ಕೂರಿಸಿ, ಎಷ್ಟು ಅಪರೂಪ, ಏನು ಔಷಧ, ಲಸಿಕೆ ಎಷ್ಟು ಮಕ್ಕಳನ್ನು ಉಳಿಸುತ್ತದೆ, ಎಲ್ಲವನ್ನೂ ಹೇಳು. ತಾಯಂದಿರು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ. ಇದನ್ನು ಅಂದು ನಾನು ನಂಬಲಿಲ್ಲ.

ಸಹಿ ಹಾಕಲು ಸಂಕೋಚವಾಗುತ್ತಿರುವ,
ನಿನ್ನ ಮೇಷ್ಟ್ರು


ಸೆಪ್ಟೆಂಬರ್ ೩೦

ಮಗು,

ನಿನ್ನಿಂದ ಕಾಗದವಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಕಳೆದ ವಾರ ಹಳೆಯ ಆಸ್ಪತ್ರೆಯ ದಾಖಲೆ ಕೋಣೆಗೆ ಹೋಗಿದ್ದೆ. ನಮ್ಮ ವಿಭಾಗ ಇದ್ದ ಕಡೆ ಈಗ ಔಷಧದಂಗಡಿ ಬಂದಿದೆ. ಡಾರ್ಕ್ ರೂಮಿನ ಗೋಡೆ ಒಡೆದು ಕಿಟಕಿ ಮಾಡಿದ್ದಾರೆ. ಆ ಕೋಣೆಯೊಳಗೆ ಬಿಸಿಲು ಬಿದ್ದಿದ್ದನ್ನು ನೋಡಿ ಎದೆ ಝಲ್ಲೆಂದಿತು, ಯಾರದೋ ಫಿಲ್ಮು ಹಾಳಾಯಿತಲ್ಲ ಎಂದು. ಬಾಗಿಲಿನ ಚೌಕಟ್ಟಿನಲ್ಲಿ ಡಾರ್ಕ್ ರೂಮಿನ ಅಣ್ಣ ನಿನ್ನ ಎತ್ತರವನ್ನು ವರ್ಷ ವರ್ಷವೂ ಗೀಚುತ್ತಿದ್ದ ಗೆರೆಗಳನ್ನು ಹುಡುಕಿದೆ. ಬಣ್ಣ ಬಳಿದುಬಿಟ್ಟಿದ್ದಾರೆ.

ದಾಖಲೆಯ ಗುಮಾಸ್ತೆ, "ಮೂವತ್ತು ವರ್ಷದ ಫೈಲಾ? ಇಲಿಗಳನ್ನ ಕೇಳ್ಬೇಕು ಸಾರ್" ಎಂದರೂ ಎರಡು ದಿನ ಧೂಳು ಕುಡಿದು ಹುಡುಕಿಕೊಟ್ಟರು. ನಮ್ಮ ಕೆಲಸದ ನಿಯಮ ನಿನಗೆ ಗೊತ್ತು. ಒಮ್ಮೆ ಸಹಿಯಾದ ರಿಪೋರ್ಟನ್ನು ಅಳಿಸುವಂತಿಲ್ಲ, ತಪ್ಪಿದ್ದರೆ ಅದರ ಕೆಳಗೆ ತಾರೀಖು ಹಾಕಿ ಸೇರಿಸಬೇಕು. ವಿಭಾಗದ ಈಗಿನ ಮುಖ್ಯಸ್ಥರ ಅನುಮತಿ ಪಡೆದು ಹೀಗೆ ಸೇರಿಸಿದೆ:

"ಎಡ ಕಂಕುಳಿನಲ್ಲಿ ಸುಣ್ಣಗಟ್ಟಿದ ಗ್ರಂಥಿ ಇದೆ. ಮೂಳೆಯ ಸೋಂಕು ಬಹುತೇಕ ಲಸಿಕೆಯ ರೋಗಾಣುವಿನಿಂದ ಆದದ್ದು. ಕಲ್ಚರ್ ಆಗದ ಕಾರಣ ಖಚಿತಪಡಿಸಲಾಗದು. ಮನೆಯ ಯಾರಿಂದಲೂ ಬಂದಿದೆಯೆಂದು ಹೇಳಲು ಆಧಾರವಿಲ್ಲ. ಓದಿದವನು ಇದನ್ನು ಅಂದೇ ಕಂಡಿದ್ದ, ಬರೆಯಲಿಲ್ಲ."

ಕೊನೆಯ ವಾಕ್ಯ ರಿಪೋರ್ಟಿನ ಭಾಷೆಯಲ್ಲವೆಂದು ಮುಖ್ಯಸ್ಥರು ಹೇಳಿದರು. ಇರಲಿ ಎಂದೆ. ಅದರ ನಕಲನ್ನೂ ನಿನ್ನ ಎರಡು ಫಿಲ್ಮುಗಳನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅವು ನಿನ್ನವು.

ದೂರದಿಂದಲೇ ಹರಸುವ,
ಮೇಷ್ಟ್ರು


ಅಕ್ಟೋಬರ್ ೨೨

ಮಾನ್ಯರೇ,

ನೀವು ಕಳಿಸಿದ ಫಿಲ್ಮುಗಳೂ ನಕಲೂ ತಲುಪಿವೆ.

ಹದಿನೇಳು ತಿಂಗಳ ಮಗುವಿನ ಕಲ್ಚರ್ ವರದಿ ಬಂದಿದೆ. ಲಸಿಕೆಯ ರೋಗಾಣುವೇ ಎಂದು ದೊಡ್ಡ ಪ್ರಯೋಗಾಲಯ ಖಚಿತಪಡಿಸಿದೆ. ನನ್ನ ರಿಪೋರ್ಟಿನ ಸಾಲನ್ನು ನಾನು ತೆಗೆದಿರಲಿಲ್ಲ, ಆದರೆ ಕಲ್ಚರ್ ಬರುವವರೆಗೆ ಅದನ್ನು ಮನೆಯವರಿಗೆ ಕೊಡಲು ಮೇಡಂ ಬಿಟ್ಟಿರಲಿಲ್ಲ. ವರದಿ ಬಂದ ದಿನ ಲಸಿಕೆ ವಿಭಾಗದ ಮೇಡಮ್ಮನ್ನೇ ಕರೆದುಕೊಂಡು ಮಗುವಿನ ಮನೆಗೆ ಹೋದೆ. ತಾಯಿ ಪೂರ್ತಿ ಕೇಳಿಸಿಕೊಂಡು, "ಇದನ್ನ ಮೊದಲೇ ಹೇಳಿದ್ರೆ ಮಾವನ ಮುಖ ನೋಡೋಕೆ ನಂಗಿಷ್ಟು ನಾಚಿಕೆ ಆಗ್ತಿರ್ಲಿಲ್ಲ" ಎಂದರು. ಲಸಿಕೆಯನ್ನು ಅವರು ಬೈಯಲಿಲ್ಲ. ಮೇಡಂ ಹೊರಬಂದು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ, "ಮುಂದಿನ ಸಭೆಯಲ್ಲಿ ಇದನ್ನ ನಾನೇ ಹೇಳ್ತೀನಿ" ಎಂದರು.

ಮುದುಕರ ಹಾಸಿಗೆಯನ್ನು ಮಗನೇ ಹೊತ್ತು ತಂದು ನಡುಮನೆಯಲ್ಲಿ ಹಾಕಿದ್ದಾನೆ. ಮಗು ನಡೆಯುತ್ತಿದೆ.

ನೀವು ತಿಳಿದುಕೊಳ್ಳಬೇಕಾದದ್ದು ಇಷ್ಟು.

ಮಕ್ಕಳ ಎಕ್ಸ್‌ರೇ ವಿಭಾಗದ ವೈದ್ಯೆ


ಅಕ್ಟೋಬರ್ ೨೭

ಮಗು,

ನಿನ್ನ ಸಹಿಯಲ್ಲಿ ವಾರ್ಷಿಕೋತ್ಸವ ಇರಲಿಲ್ಲ. ಸರಿಯಾಗಿಯೇ ಇದೆ. ಆ ಹೆಸರಿನಲ್ಲಿ ನಿನ್ನನ್ನು ಕರೆದು ನಗಿಸುತ್ತಿದ್ದ ಪ್ರತಿ ವರ್ಷವೂ ಇನ್ನೊಂದು ಊರಿನಲ್ಲಿ ಒಬ್ಬರಿಗೆ ಒಂದೊಂದು ವರ್ಷ ಕಳೆಯುತ್ತಿತ್ತು.

ಕ್ಷಮೆ ಕೇಳುವುದಿಲ್ಲ. ನಿನ್ನ ಕಾಲು ನಡೆಯಿತು, ಆದ್ದರಿಂದ ನೀನು ಕ್ಷಮಿಸಿಬಿಡಬಹುದು. ಅದು ಸುಲಭದ ಕ್ಷಮೆಯಾಗುತ್ತದೆ. ನಿನ್ನ ಅತ್ತೆಗೆ ಕಾಗದ ಬರೆಯಲು ಐದು ಸಲ ಕೂತೆ. "ನಿಮ್ಮ ಎದೆ ಸ್ವಚ್ಛವಾಗಿದೆ" ಎಂಬ ಮಾತಿನಿಂದ ಮುಂದೆ ಪೆನ್ನು ಹೋಗುತ್ತಿಲ್ಲ. ಅವರು ಎಲ್ಲಿದ್ದಾರೆಂದೂ ನನಗೆ ತಿಳಿಯದು. ನಿನಗೆ ತಿಳಿದಿದ್ದರೆ, ಆ ಫಿಲ್ಮುಗಳನ್ನು ಒಮ್ಮೆ ಅವರಿಗೆ ತೋರಿಸು. ನನ್ನ ಪರವಾಗಿ ಏನೂ ಹೇಳಬೇಡ.

ನೀನು ಆ ಸಾಲನ್ನು ಉಳಿಸಿಕೊಂಡೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇ‍ಷ್ಟು ಸಾಕು, ಇದಕ್ಕಿಂತ ಹೆಚ್ಚಿನದು ಸಿಗುವುದೂ ಇಲ್ಲ.

ನಿನ್ನಿಂದ ಕಲಿಯುತ್ತಿರುವ,
ಮೇಷ್ಟ್ರು


ಡಿಸೆಂಬರ್ ೬

ಗುರುಗಳಿಗೆ,

ಹಾಗೆ ಕರೆಯಲು ಮತ್ತೆ ಮನಸ್ಸು ಬಂದಿದೆಯೇ ಎಂದು ನನಗೇ ಗೊತ್ತಿಲ್ಲ. ಬೇರೆ ಯಾವ ಪದವೂ ಬಾಯಿಗೆ ಬರುವುದಿಲ್ಲ.

ಅತ್ತೆಯ ವಿಳಾಸ ಅಪ್ಪನ ಹಳೆಯ ಡೈರಿಯಲ್ಲಿತ್ತು. ಅಪ್ಪ ಇಲ್ಲ. ಅಮ್ಮ ಅದನ್ನು ಎರಡು ಸಲ ತಿದ್ದಿ ಬರೆದುಕೊಟ್ಟಳು. ಹೋದ ಭಾನುವಾರ ಬೆಳಿಗ್ಗೆ ಹೋದೆ. ಟೈಲರ್ ಅಂಗಡಿಯ ಮೇಲೆ ಒಂದೇ ಕೋಣೆ, ಗೋಡೆಯುದ್ದಕ್ಕೂ ಹೊಲಿದಿಟ್ಟ ದಿಂಬುಗಳು. ಬಾಗಿಲು ತೆರೆದವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ನಡಿ, ಒಳಗೆ ನಾಲ್ಕು ಹೆಜ್ಜೆ ನಡಿ ನೋಡಣ" ಎಂದಳು. ನಡೆದೆ. "ಕುಂಟಲ್ಲ ಬಿಡು, ಸ್ವಲ್ಪ ಒಯ್ಯಾರ ಜಾಸ್ತಿ ಅಷ್ಟೆ" ಎಂದಳು.

ಕುರ್ಚಿಯನ್ನು ನನಗೆ ಕೊಟ್ಟು ತಾನು ಕಿಟಕಿಯ ಹತ್ತಿರ, ಮುಖ ಹೊರಗೆ ಮಾಡಿಕೊಂಡು ಕೂತಳು. ಮಾತಾಡುವಾಗಲೂ ಬೀದಿಯ ಕಡೆಗೇ ಮಾತಾಡಿದಳು. ಯಾಕತ್ತೆ ಎಂದರೆ, "ಯಾರ ಎದುರೂ ಉಸಿರು ಬಿಡಲ್ಲ ಕಣೆ ನಾನು. ಅಭ್ಯಾಸ" ಎಂದಳು. ಕೆಳಗಿನ ಟೈಲರನ ಮಕ್ಕಳು ಮೆಟ್ಟಿಲ ಮೇಲೆ ಆಡುತ್ತಿದ್ದವು. ಅವುಗಳಲ್ಲಿ ಒಂದನ್ನೂ ಅವಳು ಎತ್ತಿಕೊಂಡಿಲ್ಲವಂತೆ.

ಅದೇ ಕಿಟಕಿಗೆ ಫಿಲ್ಮು ಹಿಡಿದೆ. ಚುಕ್ಕೆ ತೋರಿಸಿದೆ. ಮಗುವಿಗೆ ಹೇಳುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಚುಕ್ಕೆಯನ್ನು ಬಿಟ್ಟು ಮಂಡಿಯನ್ನೇ ನೋಡುತ್ತಿದ್ದಳು.

"ಇಷ್ಟೇ ಇಷ್ಟಿತ್ತಾ ನಿನ್ನ ಕಾಲು?"

"ಅತ್ತೆ, ನಿನ್ನಿಂದ ಬಂದಿದ್ದಲ್ಲ. ಯಾರಿಂದಲೂ ಬಂದಿದ್ದಲ್ಲ."

"ಅವರೆಲ್ಲ ಅಂದಾಗ ನಾನು ಜಗಳ ಆಡಬಹುದಿತ್ತು. ಆಡಲಿಲ್ಲ. ಯಾಕೆ ಗೊತ್ತಾ? ನಾನೂ ನಂಬಿಬಿಟ್ಟಿದ್ದೆ."

ನಿಮ್ಮ ಪರವಾಗಿ ನಾನು ಏನೂ ಹೇಳಲಿಲ್ಲ. ಅವಳೇ ಕೇಳಿದಳು.

"ಆ ಡಾಕ್ಟ್ರು ಬದುಕಿದ್ದಾರಾ?"

"ಇದ್ದಾರೆ."

"ಕಣ್ಣು ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ."

ಅವಳ ಕೆಮ್ಮು ಇನ್ನೂ ಇದೆ. ಮರುದಿನ ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಯ ಫಿಲ್ಮು ತೆಗೆಸಿದೆ. ಅದು ಒಣಗಿ ಲಕೋಟೆಗೆ ಬರುವುದೇ ತಡ, ಅವಳು ನನ್ನ ಕೈಯಿಂದ ಕಿತ್ತುಕೊಂಡು, ಮನೆಗೆ ತಂದು ದಿಂಬಿನ ಕೆಳಗಿಟ್ಟಳು. ನಾನೂ ಇದನ್ನೇ ಓದುವವಳು ಅತ್ತೆ, ಕೊಡು ಎಂದರೆ ಕೊಡಲಿಲ್ಲ. "ನೀನು ಓದಬೇಡ. ಅವರು ಬರಲಿ. ಅವತ್ತು ಅರ್ಧ ಓದಿದ್ರಲ್ಲ, ಈ ಸಲ ನನ್ನ ಎದುರಿಗೆ ಕೂತು, ಒಂದು ಸಾಲೂ ಬಿಡದೆ ಓದಲಿ. ಬಯ್ಯಬೇಕೋ ಬೇಡವೋ ಆಮೇಲೆ ನೋಡ್ತೀನಿ."

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡಿ. ಮುಂದಿನ ಭಾನುವಾರ ನಿಮ್ಮೂರಿನ ಮೊದಲ ಬಸ್ಸು ಹತ್ತೂವರೆಗೆ ಅತ್ತೆಯ ಊರಿಗೆ ಬರುತ್ತದೆ. ನಾನು ನಿಲ್ದಾಣದಲ್ಲಿರುತ್ತೇನೆ. ಮೆಟ್ಟಿಲು ಕಡಿದಾಗಿವೆ, ಹಿಡಿಕೆಯೂ ಇಲ್ಲ. ಹತ್ತುವಾಗ ನನ್ನ ಭುಜ ಹಿಡಿದುಕೊಳ್ಳಿ.

ವಾರ್ಷಿಕೋತ್ಸವ